ಶಸ್ತ್ರಶಾಲೆಯಲ್ಲಿ ಸಂಗೀತ

ನೋವಿಗೂ ಭಯಕ್ಕೂ ಒಂದು ಮೆಲುಮದ್ದು

‘ಆಪರೇಷನ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಒಮ್ಮೆ ಡವಗುಟ್ಟದ ಮನುಷ್ಯನು ವಿರಳ. ಜಗತ್ತಿನ ಎಲ್ಲ ಕಷ್ಟಗಳಿಗೂ ಎದೆಯೊಡ್ಡಿ ನಿಂತವನೂ ಶಸ್ತ್ರವೈದ್ಯನ ಮೇಜಿನ ಮುಂದೆ ಮಗುವಿನಂತಾಗುತ್ತಾನೆ. ಪರಸ್ಥಳದಲ್ಲಿ ದುಡಿಯುತ್ತಿರುವ ನಮ್ಮವರ ಪಾಡಂತೂ ಇನ್ನೂ ಬೇರೆ. ಹಿಟ್ಟಿನ ಮೂಟೆ, ನೀರಿನ ಹಂಡೆಗಳನ್ನು ಎತ್ತಿ ಎತ್ತಿ ಹರ್ನಿಯಾ ಬರಿಸಿಕೊಂಡ ಹೋಟೆಲಿನ ಕೆಲಸಗಾರನು ಅದನ್ನು ಪಂಚೆಯ ಕಟ್ಟಿನೊಳಗೆ ಅಡಗಿಸಿಕೊಂಡು ವರ್ಷಗಟ್ಟಲೆ ದಿನ ನೂಕುತ್ತಾನೆ. ಮೂಲವ್ಯಾಧಿಯಿಂದ ನರಳುವ ಗುಮಾಸ್ತನು ಕುರ್ಚಿಯ ಮೇಲೊಂದು ದಿಂಬಿಟ್ಟುಕೊಂಡು ಲೆಕ್ಕ ಬರೆಯುತ್ತಾನೆಯೇ ಹೊರತು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಕೇಳಿದರೆ, ‘ಊರಿಗೆ ಹೋದಾಗ ನೋಡೋಣ’ ಎಂಬುದು ಉತ್ತರ. ಊರಿಗೆ ಹೋದಾಗ ಮದುವೆ ಮುಂಜಿಗಳೇ ಮುಗಿಯುವುದಿಲ್ಲ.

ಈ ಹಿಂಜರಿಕೆಗೆ ಹಣದ ಚಿಂತೆಯೊಂದೇ ಕಾರಣವಲ್ಲ. ಕತ್ತಿಯ ಭಯವುಂಟು, ನೋವಿನ ಭಯವುಂಟು, ಮಗ್ಗುಲಲ್ಲಿ ನಮ್ಮವರೆಂಬವರಿಲ್ಲದೆ, ನಮ್ಮ ಭಾಷೆಯನ್ನರಿಯದವರ ನಡುವೆ, ಮುಖ ಮುಚ್ಚಿಕೊಂಡ ಅಪರಿಚಿತರ ಕೈಗೆ ದೇಹವನ್ನು ಒಪ್ಪಿಸಬೇಕಲ್ಲ ಎಂಬ ಅಧೈರ್ಯವುಂಟು. ಈ ಭಯವನ್ನು ವೈದ್ಯಶಾಸ್ತ್ರವು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಈಗ ತೆಗೆದುಕೊಂಡಿದೆ. ಭಯವನ್ನು ತಗ್ಗಿಸಿದರೆ ನೋವೂ ತಗ್ಗುತ್ತದೆಂಬುದನ್ನು ಕಂಡುಕೊಂಡು, ಅದಕ್ಕೆ ಒದಗುವ ಸುಲಭ ಸಾಧನಗಳಲ್ಲಿ ಸಂಗೀತವೂ ಒಂದೆಂದು ಒಪ್ಪಿಕೊಂಡಿದೆ. ಶಸ್ತ್ರಕ್ರಿಯೆಯ ಸಂದರ್ಭದಲ್ಲಿ ಹಾಡು ಮಾಡುವ ಉಪಕಾರವೇನು, ಅದರ ಮಿತಿಯೆಷ್ಟು, ನಮ್ಮವರು ಅದರಿಂದ ಪಡೆಯಬಹುದಾದ ಪ್ರಯೋಜನ ಯಾವುದು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಹಿರಿಯರು ಅರಿತಿದ್ದುದು

ಇದು ತೀರ ಹೊಸ ವಿಚಾರವೆಂದು ಯಾರೂ ಭಾವಿಸಬೇಕಾಗಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸಾಗೃಹವು ಹೇಗಿರಬೇಕೆಂಬ ವಿವರಣೆಯಿದೆ. ಗಟ್ಟಿಯಾದ ಕಟ್ಟಡ, ಒಳ್ಳೆಯ ಗಾಳಿ, ನೀರು, ಅಡಿಗೆಮನೆ, ಔಷಧಗಳು, ಶುಚಿಯಾದ ಪರಿಚಾರಕರು ಇವರೆಲ್ಲರ ಸಾಲಿನಲ್ಲಿಯೇ ಹಾಡಬಲ್ಲವರು, ವಾದ್ಯ ನುಡಿಸಬಲ್ಲವರು, ಕಥೆ ಪುರಾಣಗಳನ್ನು ಹೇಳಬಲ್ಲವರು ಇರಬೇಕೆಂದು ಆ ಗ್ರಂಥವು ವಿಧಿಸುತ್ತದೆ. ಔಷಧದ ಪಟ್ಟಿಯೊಡನೆ ಗಾಯಕನನ್ನೂ ಸೇರಿಸಿದ ಆ ವೈದ್ಯರ ದೃಷ್ಟಿ ಎಷ್ಟು ವಿಶಾಲವಾದುದು!

ಶಸ್ತ್ರವೈದ್ಯದ ಆಚಾರ್ಯನಾದ ಸುಶ್ರುತನಂತೂ ಇನ್ನೂ ಸ್ಪಷ್ಟವಾಗಿ ಹೇಳಿದ್ದಾನೆ. ನೋವು ತಾಳಲಾರದ ರೋಗಿಗೆ, ಅವನು ಮದ್ಯದ ಅಭ್ಯಾಸವುಳ್ಳವನಾದರೆ, ಶಸ್ತ್ರಪ್ರಯೋಗಕ್ಕೆ ಮೊದಲು ತೀಕ್ಷ್ಣವಾದ ಮದ್ಯ ಕುಡಿಸಬೇಕೆಂಬುದು ಅವನ ಮತ. ಅಂದಿನ ಅರಿವಳಿಕೆ ಅಷ್ಟೇ. ಆದರೆ ಗಾಯಗೊಂಡವನ ಉಪಚಾರವನ್ನು ಹೇಳುವಾಗ, ಪ್ರಿಯವಾದ ಮಾತನ್ನಾಡುವ ಗೆಳೆಯರು ಬಳಿಯಲ್ಲಿ ಕುಳಿತು ಕಥೆಗಳನ್ನು ಹೇಳುತ್ತ, ಧೈರ್ಯ ತುಂಬುತ್ತ ಇದ್ದರೆ ವ್ರಣದ ವೇದನೆ ಬೇಗ ದೂರವಾಗುತ್ತದೆ ಎಂದೂ ಅವನು ಬರೆದಿದ್ದಾನೆ. ಮನಸ್ಸು ಬೇರೆಡೆಗೆ ತಿರುಗಿದರೆ ನೋವು ತಗ್ಗುತ್ತದೆಂಬ ಇಂದಿನ ಸಿದ್ಧಾಂತದ ಬೀಜವು ಅಲ್ಲಿದೆ.

ಗ್ರಂಥಗಳೇಕೆ, ನಮ್ಮ ತಾಯಂದಿರು ಇದನ್ನು ಓದದೆಯೇ ಬಲ್ಲವರು. ನಸುಕಿನಲ್ಲೆದ್ದು ಬೀಸುವಾಗ ಅವರು ಹಾಡಿದ ಹಾಡು ರಾಗಿಗಾಗಿ ಹಾಡಿದುದಲ್ಲ, ರಟ್ಟೆಯ ನೋವನ್ನು ಮರೆಯುವುದಕ್ಕಾಗಿ ಹಾಡಿದುದು. ಹುಷಾರಿಲ್ಲದ ಮಗುವಿಗೆ ಮದ್ದಿಗಿಂತ ಮೊದಲು ದೊರಕುವುದು ಲಾಲಿಯೇ.

ಗ್ರಾಮಾಫೋನ್ ತಂದ ವೈದ್ಯ

ಅರಿವಳಿಕೆಯಿಲ್ಲದ ಕಾಲದ ಶಸ್ತ್ರಕ್ರಿಯೆಯನ್ನು ಇಂದು ಊಹಿಸುವುದೂ ಕಷ್ಟ. ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ಸ್ತನವನ್ನು ೧೮೧೧ರಲ್ಲಿ ಪ್ಯಾರಿಸ್ ನಗರದಲ್ಲಿ ತೆಗೆದುಹಾಕಿದಾಗ, ನೋವು ತಗ್ಗಿಸಲು ಆಕೆಗೆ ಕೊಟ್ಟುದು ಕೊಂಚ ಮದ್ಯ ಮಾತ್ರ. ಆ ಅನುಭವವನ್ನು ಆಕೆ ಅನಂತರ ತನ್ನ ಸೋದರಿಗೆ ಬರೆದ ಪತ್ರದಲ್ಲಿ ಓದಿದವರ ಮೈ ಇಂದಿಗೂ ನಡುಗುತ್ತದೆ. ೧೮೪೬ರ ಅಕ್ಟೋಬರ್ ೧೬ರಂದು ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಪ್ರಭಾವವನ್ನು ಬಹಿರಂಗವಾಗಿ ತೋರಿಸಿದನು. ಮರುವರ್ಷವೇ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಕತ್ತಿಯ ನೋವು ಹೋಯಿತು. ಆದರೆ ಕತ್ತಿಯ ಭಯ ಹೋಗಲಿಲ್ಲ. ಮೈಮರೆಯುವವರೆಗಿನ ಕ್ಷಣಗಳೂ ಎಚ್ಚರವಾದ ಮೇಲಿನ ದಿನಗಳೂ ರೋಗಿಯ ಪಾಲಿಗೆ ಉಳಿದೇ ಉಳಿದುವು.

ಈ ಕಡೆಗೆ ಗಮನವಿತ್ತವರಲ್ಲಿ ಅಮೆರಿಕದ ಇವಾನ್ ಓನೀಲ್ ಕೇನ್ ಎಂಬ ಶಸ್ತ್ರವೈದ್ಯನು ಸ್ಮರಣೀಯನು. ಪೆನ್ಸಿಲ್ವೇನಿಯಾ ಪ್ರಾಂತದ ಕೇನ್ ಎಂಬ ಸಣ್ಣ ಊರಿನಲ್ಲಿ ಅವನ ಆಸ್ಪತ್ರೆಯಿತ್ತು. ಶಸ್ತ್ರಶಾಲೆಯೊಳಗೆ ಗ್ರಾಮಾಫೋನ್ ಇರಿಸಿ ತಟ್ಟೆಗಳನ್ನು ನುಡಿಸಿದರೆ ರೋಗಿಯ ಮನಸ್ಸು ಆ ಸನ್ನಿವೇಶದ ಭೀಕರತೆಯಿಂದ ಬೇರೆಡೆಗೆ ಹರಿದು ಶಾಂತವಾಗುತ್ತದೆಂದು ಅವನು ೧೯೧೪ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದನು. ಈ ಕೇನ್ ಮಹಾಶಯನು ಸಾಮಾನ್ಯನಲ್ಲ. ಸ್ಥಳೀಯ ಅರಿವಳಿಕೆಯೊಂದರಿಂದಲೇ ದೊಡ್ಡ ಶಸ್ತ್ರಕ್ರಿಯೆಗಳನ್ನು ಮಾಡಬಹುದೆಂಬುದನ್ನು ಸ್ವಾನುಭವದಿಂದ ತಿಳಿಯಲು ೧೯೨೧ರಲ್ಲಿ ತನ್ನ ಅಪೆಂಡಿಕ್ಸನ್ನು ತಾನೇ ಕತ್ತರಿಸಿ ತೆಗೆದನು! ೧೯೩೨ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ತನ್ನ ಹರ್ನಿಯಾವನ್ನೂ ತಾನೇ ಸರಿಪಡಿಸಿಕೊಂಡನು. ಹರ್ನಿಯಾದ ಶಸ್ತ್ರಕ್ರಿಯೆಗೆ ಹೆದರಿ ಕುಳಿತವರು ಈ ಮುದುಕನನ್ನು ಒಮ್ಮೆ ನೆನೆಯಬೇಕು.

ಶಬ್ದವೊಂದೇ ಸಾಕೆ?

ಸಂಗೀತದ ಬಗೆಗಿನ ಉತ್ಸಾಹವು ಕೆಲವೊಮ್ಮೆ ಮಿತಿಮೀರಿದುದೂ ಉಂಟು. ೧೯೬೦ರ ಸುಮಾರಿಗೆ ಅಮೆರಿಕದಲ್ಲಿ ಗಾರ್ಡ್‌ನರ್ ಎಂಬ ದಂತವೈದ್ಯನೂ ಲಿಕ್‌ಲೈಡರ್ ಎಂಬ ವಿಜ್ಞಾನಿಯೂ ಕೂಡಿ ಒಂದು ಸೋಜಿಗದ ಪ್ರಯೋಗ ನಡೆಸಿದರು. ಹಲ್ಲು ಕೊರೆಸಿಕೊಳ್ಳುವ ರೋಗಿಯ ಕಿವಿಗೆ ಶ್ರವಣಯಂತ್ರ ತೊಡಿಸಿ, ಕೈಗೊಂದು ಗುಂಡಿಯನ್ನು ಕೊಟ್ಟರು. ಮೊದಲು ಸಂಗೀತ ಕೇಳುವುದು; ನೋವು ತಲೆಯೆತ್ತಿತೆಂದರೆ ಗುಂಡಿ ತಿರುವಿ ಜಲಪಾತದಂತಹ ಭೋರ್ಗರೆತವನ್ನು ಹೆಚ್ಚಿಸಿಕೊಳ್ಳುವುದು. ಮೊದಲು ಅರಿವಳಿಕೆ ಬೇಕಾಗಿದ್ದ ೧೦೦೦ ರೋಗಿಗಳಲ್ಲಿ ನೂರಕ್ಕೆ ೬೫ ಮಂದಿಗೆ ಶಬ್ದವೊಂದೇ ಪೂರ್ಣವಾಗಿ ಸಾಕಾಯಿತೆಂದು ಅವರು ವರದಿ ಮಾಡಿದರು. ಇನ್ನು ಸೂಜಿಮದ್ದಿಗೆ ಕೆಲಸವಿಲ್ಲವೆಂದು ಜನ ಹಿಗ್ಗಿದರು.

ಆದರೆ ವಿಜ್ಞಾನವು ಹಿಗ್ಗನ್ನು ನಂಬುವುದಿಲ್ಲ, ಪರೀಕ್ಷೆಯನ್ನು ನಂಬುತ್ತದೆ. ನೋವಿನ ವಿಷಯದಲ್ಲಿ ಪ್ರಸಿದ್ಧನಾದ ರೊನಾಲ್ಡ್ ಮೆಲ್ಜ್ಯಾಕ್ ಎಂಬ ಪಂಡಿತನು ತನ್ನ ಸಂಗಡಿಗರೊಡನೆ ೧೯೬೩ರಲ್ಲಿ ಇದನ್ನು ಒರೆಗೆ ಹಚ್ಚಿದನು. ಮಂಜುಗಡ್ಡೆಯ ನೀರಿನಲ್ಲಿ ಕೈಯಿಟ್ಟು ಎಷ್ಟು ಹೊತ್ತು ತಾಳಬಹುದೆಂಬುದು ಪರೀಕ್ಷೆ. ಬರಿಯ ಶಬ್ದ ಕೇಳಿದವರು ಹೆಚ್ಚು ತಾಳಲಿಲ್ಲ. ‘ಇದರಿಂದ ನೋವು ತಗ್ಗುತ್ತದೆ’ ಎಂಬ ಭರವಸೆಯನ್ನು ಮಾತ್ರ ಪಡೆದವರೂ ತಾಳಲಿಲ್ಲ. ಶಬ್ದ ಮತ್ತು ಭರವಸೆ ಎರಡನ್ನೂ ಪಡೆದವರು ಮಾತ್ರ ಹೆಚ್ಚು ಹೊತ್ತು ತಾಳಿದರು. ಇದರ ತಾತ್ಪರ್ಯ ಸ್ಪಷ್ಟವಾಗಿದೆ. ಸಂಗೀತವು ಕಿವಿಯಲ್ಲಿ ಹೊಯ್ಯುವ ಔಷಧವಲ್ಲ. ಮನಸ್ಸು ಅದಕ್ಕೆ ಕೈನೀಡಿದರೆ ಅದು ಮನಸ್ಸನ್ನು ಹಿಡಿದು ನಡೆಸುತ್ತದೆ.

ನೋವಿನ ಬಾಗಿಲು

ಇದು ಹೇಗೆ ಸಾಧ್ಯ? ನೋವೆಂಬುದು ಗಾಯವಾದ ಜಾಗದಲ್ಲಿಯೇ ಇದೆಯೆಂದು ನಾವು ತಿಳಿಯುತ್ತೇವೆ. ವಸ್ತುತಃ ಗಾಯದಿಂದ ಹೊರಡುವುದು ಸುದ್ದಿ ಮಾತ್ರ. ಆ ಸುದ್ದಿಯು ನರಗಳ ಮೂಲಕ ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಮುಟ್ಟಿದ ಮೇಲೆಯೇ ಅದು ನೋವಾಗುವುದು. ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ೧೯೬೫ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಬೆನ್ನುಹುರಿಯಲ್ಲಿ ಈ ಸುದ್ದಿಗೆ ಒಂದು ಬಾಗಿಲಿದ್ದಂತಿದೆ. ಆ ಬಾಗಿಲನ್ನು ಹೆಚ್ಚು ತೆರೆಯುವ ಅಥವಾ ಮುಚ್ಚುವ ಆಜ್ಞೆ ಮೇಲಿನಿಂದ, ಅಂದರೆ ಮಿದುಳಿನಿಂದ, ಬರಬಲ್ಲುದು. ಭಯ ಮತ್ತು ಆತಂಕಗಳು ಬಾಗಿಲನ್ನು ಅಗಲ ಮಾಡುತ್ತವೆ. ನೆಮ್ಮದಿಯೂ ಬೇರೆಡೆ ನೆಟ್ಟ ಗಮನವೂ ಅದನ್ನು ಓರೆಮಾಡುತ್ತವೆ. ಸಿದ್ಧಾಂತದ ಕೆಲವು ವಿವರಗಳು ಅನಂತರ ತಿದ್ದುಪಡಿಯಾದರೂ ಅದರ ತಿರುಳು ಇಂದಿಗೂ ನಿಂತಿದೆ. ಗಿರಾಕಿಗಳ ಗದ್ದಲದ ಹೊತ್ತಿನಲ್ಲಿ ದೋಸೆಯ ಕಾವಲಿಗೆ ಬೆರಳು ತಗುಲಿದುದು ಗೊತ್ತೇ ಆಗದೆ, ರಾತ್ರಿ ಮಲಗಿದಾಗ ಉರಿ ತಲೆಗೇರುವುದು ನಮ್ಮ ಅಡಿಗೆಯವರಿಗೆ ಅನುಭವವೇದ್ಯವಾದ ಸಂಗತಿಯಲ್ಲವೆ?

ಭಯಗೊಂಡ ದೇಹವು ಸುಮ್ಮನಿರುವುದಿಲ್ಲ. ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸಗಳು ರಕ್ತಕ್ಕೆ ಇಳಿಯುತ್ತವೆ. ನಾಡಿ ಧಾವಿಸುತ್ತದೆ, ರಕ್ತದೊತ್ತಡ ಏರುತ್ತದೆ, ಉಸಿರು ಮೊಟಕಾಗುತ್ತದೆ. ಮಂದಗತಿಯ, ಏರಿಳಿತ ಕಡಿಮೆಯಿರುವ ಸಂಗೀತವನ್ನು ಕೇಳುತ್ತ ಹೋದಂತೆ ಉಸಿರು ನಿಧಾನವಾಗಿ ಆ ಲಯಕ್ಕೆ ಹೊಂದಿಕೊಳ್ಳುತ್ತದೆ, ಎದೆಬಡಿತ ತಣಿಯುತ್ತದೆ.

ತೂಗಿ ನೋಡಿದ ಫಲ

೨೦೧೩ರಲ್ಲಿ ಜೋಕ್ ಬ್ರಾಟ್ ಎಂಬ ವಿದುಷಿಯೂ ಅವರ ಸಂಗಡಿಗರೂ ೨೬ ಪ್ರಯೋಗಗಳನ್ನು, ಅಂದರೆ ೨,೦೫೧ ರೋಗಿಗಳ ವಿವರಗಳನ್ನು, ಒಟ್ಟುಗೂಡಿಸಿ ಪರಿಶೀಲಿಸಿದರು. ಶಸ್ತ್ರಕ್ರಿಯೆಗೆ ಮೊದಲು ಸಂಗೀತ ಕೇಳಿದವರ ಆತಂಕವು, ೨೦ರಿಂದ ೮೦ರವರೆಗಿನ ಅಳತೆಗೋಲಿನಲ್ಲಿ, ಕೇಳದವರಿಗಿಂತ ಸರಾಸರಿ ೫.೭೨ರಷ್ಟು ಕಡಿಮೆಯಿತ್ತು. ಪವಾಡವಲ್ಲ, ಆದರೆ ಅಲಕ್ಷಿಸತಕ್ಕುದೂ ಅಲ್ಲ. ೨೦೧೫ರಲ್ಲಿ ಲಂಡನ್ನಿನ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇನ್ನೂ ವಿಸ್ತಾರವಾದ ಸಮೀಕ್ಷೆಯನ್ನು ಪ್ರಕಟಿಸಿದರು. ೭೩ ಪ್ರಯೋಗಗಳು, ಸುಮಾರು ೭,೦೦೦ ರೋಗಿಗಳು. ಸಂಗೀತ ಕೇಳಿದವರಿಗೆ ಶಸ್ತ್ರಕ್ರಿಯೆಯ ಅನಂತರದ ನೋವು ಕಡಿಮೆಯಾಗಿತ್ತು, ಆತಂಕ ಕಡಿಮೆಯಾಗಿತ್ತು, ನೋವಿನ ಮದ್ದೂ ಕಡಿಮೆ ಬೇಕಾಯಿತು. ಆಸ್ಪತ್ರೆಯಲ್ಲಿ ಉಳಿಯಬೇಕಾದ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. ಶಸ್ತ್ರಕ್ರಿಯೆಗೆ ಮೊದಲು, ನಡುವೆ, ಅನಂತರ, ಯಾವಾಗ ಕೇಳಿದರೂ ಪ್ರಯೋಜನವಿತ್ತು. ಯಾವ ಬಗೆಯ ಸಂಗೀತವೆಂಬುದರಿಂದಲೂ ಹೆಚ್ಚಿನ ಅಂತರ ಕಾಣಲಿಲ್ಲ.

ಇನ್ನೊಂದು ಕುತೂಹಲದ ಹೋಲಿಕೆಯುಂಟು. ೨೦೧೯ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು, ಕೈಕಾಲುಗಳನ್ನು ಮರಗಟ್ಟಿಸುವ ಸೂಜಿಮದ್ದಿಗೆ ಬಂದ ೧೫೭ ಜನರಲ್ಲಿ ಕೆಲವರಿಗೆ ಮಿಡಜೋಲಾಮ್ ಎಂಬ ಶಮನಕಾರಿ ಔಷಧವನ್ನೂ ಕೆಲವರಿಗೆ ಸಂಗೀತವನ್ನೂ ಕೊಟ್ಟು ನೋಡಿದರು. ಆತಂಕವು ಎರಡು ಗುಂಪಿನವರಲ್ಲಿಯೂ ಸುಮಾರಾಗಿ ಒಂದೇ ಪ್ರಮಾಣದಲ್ಲಿ ಇಳಿಯಿತು. ಆದರೆ ಔಷಧ ಪಡೆದವರೇ ಹೆಚ್ಚು ತೃಪ್ತರಾಗಿದ್ದರು. ಕಿವಿ ಮುಚ್ಚಿದ್ದರಿಂದ ವೈದ್ಯರೊಡನೆ ಮಾತು ನಡೆಸುವುದು ತೊಡಕಾಯಿತೆಂಬ ದೂರೂ ಇತ್ತು. ಈ ಸಣ್ಣ ಮಾತಿನಲ್ಲಿ ದೊಡ್ಡ ಪಾಠವಿದೆ. ಅದನ್ನು ಮುಂದೆ ನೋಡೋಣ.

ಮೈಮರೆತವನಿಗೂ ಕೇಳುವುದೆ?

ಪೂರ್ಣ ಅರಿವಳಿಕೆಯಲ್ಲಿರುವವನಿಗೆ ಹಾಡು ಕೇಳಿಸಿ ಫಲವೇನು ಎಂಬ ಪ್ರಶ್ನೆ ಸಹಜ. ಇದಕ್ಕೆ ನಮ್ಮ ದೇಶದಿಂದಲೇ ಒಂದು ಉತ್ತರ ಬಂದಿದೆ. ದಿಲ್ಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜು ಮತ್ತು ಲೋಕನಾಯಕ ಆಸ್ಪತ್ರೆಯ ವೈದ್ಯರು ೨೦೨೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶವನ್ನು ತೆಗೆಸಿಕೊಂಡ ೫೬ ರೋಗಿಗಳಿದ್ದರು. ಎಲ್ಲರ ಕಿವಿಗೂ ಶ್ರವಣಯಂತ್ರವಿತ್ತು. ಆದರೆ ಅರ್ಧದಷ್ಟು ಮಂದಿಗೆ ಮಾತ್ರ ಅದರಿಂದ ಮೃದುವಾದ ಕೊಳಲು ಅಥವಾ ಪಿಯಾನೊ ಕೇಳಿಬರುತ್ತಿತ್ತು. ಸಂಗೀತ ಕೇಳಿದ ಗುಂಪಿಗೆ ಅರಿವಳಿಕೆಯ ಔಷಧವಾದ ಪ್ರೊಪೊಫಾಲ್ ಮತ್ತು ನೋವಿನ ಔಷಧವಾದ ಫೆಂಟನಿಲ್ ಕಡಿಮೆ ಸಾಕಾದುವು. ಎಚ್ಚರವಾಗುವುದೂ ಹೆಚ್ಚು ನಿರಾಳವಾಗಿತ್ತು. ಜರ್ಮನಿಯ ಐದು ಆಸ್ಪತ್ರೆಗಳಲ್ಲಿ ೩೮೫ ರೋಗಿಗಳ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ, ಮೈಮರೆತಿರುವಾಗ ಸಂಗೀತದೊಡನೆ ಸಾಂತ್ವನದ ಮಾತುಗಳನ್ನು ಕೇಳಿಸಿಕೊಂಡವರಿಗೆ ಮೊದಲ ೨೪ ಗಂಟೆಗಳಲ್ಲಿ ಅಫೀಮು ವರ್ಗದ ನೋವಿನ ಮದ್ದು ಮೂರನೆಯ ಒಂದು ಭಾಗದಷ್ಟು ಕಡಿಮೆ ಬೇಕಾಯಿತು. ಅರಿವು ಮಸುಕಾದರೂ ಶ್ರವಣದ ಹಾದಿ ಪೂರ್ತಿ ಮುಚ್ಚುವುದಿಲ್ಲವೆಂದು ಇದರಿಂದ ತೋರುತ್ತದೆ. ರೋಗಿಯ ಮುಂದೆ ಮಾತಾಡುವವರೆಲ್ಲರೂ ನೆನಪಿಡತಕ್ಕ ಸಂಗತಿಯಿದು.

ಸಂಗೀತವು ಇನ್ನೊಂದು ಬಗೆಯಿಂದಲೂ ಶಸ್ತ್ರಶಾಲೆಯನ್ನು ಹೊಕ್ಕಿದೆ. ೨೦೧೭ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಬೆರಳುಗಳು ಸೆಟೆದುಕೊಳ್ಳುತ್ತಿದ್ದ ಗಿಟಾರ್ ವಾದಕನೊಬ್ಬನು ಮಿದುಳಿನ ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಎಚ್ಚರವಾಗಿದ್ದು ಗಿಟಾರ್ ನುಡಿಸಿದನು. ಅಲ್ಲಿ ವಾದ್ಯವು ಕೇವಲ ಸಮಾಧಾನಕ್ಕಲ್ಲ. ಬೆರಳು ಸರಿಯಾಯಿತೆ ಎಂಬುದನ್ನು ವೈದ್ಯರಿಗೆ ಆ ಕ್ಷಣವೇ ತಿಳಿಸುವ ಸಾಕ್ಷಿಯಾಗಿತ್ತು.

ವೈದ್ಯರ ಕಿವಿ

ಹಾಡು ರೋಗಿಗಷ್ಟೇ ಅಲ್ಲ, ವೈದ್ಯನಿಗೂ ಬೇಕೆಂಬವರುಂಟು. ೧೯೯೪ರಲ್ಲಿ ಅಮೆರಿಕದ ೫೦ ಮಂದಿ ಶಸ್ತ್ರವೈದ್ಯರನ್ನು ಪ್ರಯೋಗಶಾಲೆಯಲ್ಲಿ ಕೂರಿಸಿ ಕಠಿಣವಾದ ಬಾಯಿಲೆಕ್ಕ ಮಾಡಿಸಿದಾಗ, ತಾವೇ ಆರಿಸಿದ ಸಂಗೀತ ಕೇಳುತ್ತಿದ್ದಾಗ ಅವರು ಹೆಚ್ಚು ಚುರುಕಾಗಿಯೂ ಶಾಂತರಾಗಿಯೂ ಇದ್ದರು. ಆದರೆ ಶಸ್ತ್ರಶಾಲೆಯಲ್ಲಿ ವೈದ್ಯನೊಬ್ಬನೇ ಇರುವುದಿಲ್ಲ. ೨೦೧೫ರಲ್ಲಿ ಇಂಗ್ಲೆಂಡಿನಲ್ಲಿ ೨೦ ಶಸ್ತ್ರಕ್ರಿಯೆಗಳನ್ನು ಚಿತ್ರೀಕರಿಸಿ ಪರಿಶೀಲಿಸಿದವರು, ಕೋಣೆಯಲ್ಲಿ ಸಂಗೀತ ಮೊಳಗುತ್ತಿದ್ದಾಗ ಕೇಳಿದ್ದನ್ನೇ ಮತ್ತೆ ಕೇಳಬೇಕಾದ ಸಂದರ್ಭಗಳು ಐದು ಪಾಲು ಹೆಚ್ಚೆಂದು ಕಂಡರು. ಕತ್ತರಿ ಕೇಳಿದರೆ ದಾದಿಗೆ ಕೇಳಿಸದಿರುವುದು ಯಾರಿಗೂ ಹಿತವಲ್ಲ. ರೋಗಿಗೆ ಅವನ ಕಿವಿಯಲ್ಲಿ, ಹಿತಮಿತವಾಗಿ. ಇದೇ ಒಳ್ಳೆಯ ದಾರಿ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತನ್ನು ಹೇಳದಿರಲಾರೆವು. ಇಂಥ ರಾಗ ಇಂಥ ರೋಗವನ್ನು ಗುಣಪಡಿಸುತ್ತದೆ ಎಂದು ಪಟ್ಟಿ ಹಿಡಿದು ಹಣ ಕೀಳುವವರು ನಗರಗಳಲ್ಲಿ ಇದ್ದಾರೆ. ಯಾವ ರಾಗವೂ ಹರ್ನಿಯಾವನ್ನು ಒಳಕ್ಕೆ ಸರಿಸಲಾರದು, ಪಿತ್ತಕೋಶದ ಕಲ್ಲನ್ನು ಕರಗಿಸಲಾರದು. ಹಾಡಿದೆಯೆಂದು ಅರಿವಳಿಕೆಯನ್ನು ಬೇಡವೆನ್ನುವುದೂ ಅವಿವೇಕ. ಸಂಗೀತವು ಚಿಕಿತ್ಸೆಯ ಸ್ಥಾನದಲ್ಲಿ ನಿಲ್ಲತಕ್ಕುದಲ್ಲ, ಚಿಕಿತ್ಸೆಯ ಮಗ್ಗುಲಲ್ಲಿ ಕುಳ್ಳಿರತಕ್ಕುದು.

ನಮ್ಮವರು ಮಾಡಬಹುದಾದುದು

ಈಗ ವ್ಯವಹಾರದ ಮಾತಿಗೆ ಬರೋಣ. ಅನೇಕ ಶಸ್ತ್ರಕ್ರಿಯೆಗಳು ಇಂದು ಬೆನ್ನಿಗೆ ಚುಚ್ಚುವ ಇಂಜೆಕ್ಷನ್ನಿನಿಂದಲೇ ನಡೆಯುತ್ತವೆ. ಸೊಂಟದ ಕೆಳಗೆ ಅರಿವಿರುವುದಿಲ್ಲ. ಕಿವಿ ಮಾತ್ರ ಎಚ್ಚರವಾಗಿರುತ್ತದೆ. ಉಪಕರಣಗಳ ಸದ್ದು, ಅರ್ಥವಾಗದ ಭಾಷೆಯ ಮಾತು ಇವನ್ನೆಲ್ಲ ಕೇಳುತ್ತ ಮಲಗಿರುವುದು ಸುಲಭವಲ್ಲ. ಸಂಗೀತವು ಹೆಚ್ಚು ನೆರವಾಗುವ ಸ್ಥಳ ಇದೇ. ಹಿಂದಿನ ದಿನ ಅರಿವಳಿಕೆಯ ವೈದ್ಯರು ತಪಾಸಣೆಗೆ ಬಂದಾಗ, ‘ಒಳಗೆ ನಾನು ಹಾಡು ಕೇಳಬಹುದೆ?’ ಎಂದು ಸಂಕೋಚವಿಲ್ಲದೆ ಕೇಳಬೇಕು. ಅನುಮತಿ ದೊರೆತರೆ ಮೊಬೈಲಿನಲ್ಲಿ ತಮಗೆ ಪ್ರಿಯವಾದ ಹಾಡುಗಳನ್ನು ಮೊದಲೇ ತುಂಬಿಟ್ಟುಕೊಳ್ಳಬೇಕು. ಒಳಗೆ ಬಿಡದಿದ್ದರೆ, ಹೊರಗೆ ಸರದಿ ಕಾಯುವ ಹೊತ್ತಿನಲ್ಲಿಯೂ ವಾರ್ಡಿಗೆ ಮರಳಿದ ಮೇಲೆಯೂ ಕೇಳಲು ಅಡ್ಡಿಯಿಲ್ಲ. ಆಗಲೂ ಪ್ರಯೋಜನವಿದೆಯೆಂದು ಮೇಲೆ ಕಂಡೆವಷ್ಟೆ.

ಯಾವ ಹಾಡು? ಶಾಸ್ತ್ರೀಯವೇ ಆಗಬೇಕೆಂಬ ನಿರ್ಬಂಧವಿಲ್ಲ. ದಾಸರ ಪದವಾಗಲಿ, ವಚನವಾಗಲಿ, ಕಾಳಿಂಗರಾಯರ ಕಂಠದ ಭಾವಗೀತೆಯಾಗಲಿ, ರಾಜಕುಮಾರರ ಚಿತ್ರಗೀತೆಯಾಗಲಿ, ಕೊಳಲಾಗಲಿ, ಮನಸ್ಸಿಗೆ ಹಿತವಾದುದೇ ಉತ್ತಮ. ಯಕ್ಷಗಾನದ ಅಭಿಮಾನಿಗಳು ಭಾಗವತರ ನಿಧಾನದ ಪದವೊಂದನ್ನು ಆರಿಸಿಕೊಳ್ಳಲಿ. ಚೆಂಡೆಯ ಅಬ್ಬರದ ಯುದ್ಧಪ್ರಸಂಗವನ್ನು ಮನೆಗೆ ಮರಳಿದ ಮೇಲೆ ಕೇಳಬಹುದು. ಧ್ವನಿ ಸಣ್ಣದಾಗಿರಲಿ. ವೈದ್ಯರು ಕರೆದರೆ ಕೇಳಿಸುವಂತೆ ಒಂದು ಕಿವಿಯನ್ನಾದರೂ ತೆರೆದಿಟ್ಟಿರುವುದು ಕ್ಷೇಮ. ಪೆನ್ಸಿಲ್ವೇನಿಯಾದವರ ದೂರಿನಿಂದ ಕಲಿಯತಕ್ಕ ಪಾಠ ಇದೇ. ಭಾಷೆ ಬಾರದ ನಮ್ಮವರಿಗಂತೂ ಇದು ಇನ್ನೂ ಮುಖ್ಯ. ಸುಟ್ಟ ಗಾಯದ ಪಟ್ಟಿ ಬದಲಿಸುವಾಗ, ಹಲ್ಲು ಕೀಳಿಸುವಾಗ, ಹೊಲಿಗೆ ಬಿಚ್ಚಿಸುವಾಗ ಕೂಡ ಈ ಉಪಾಯವನ್ನು ಮಾಡಿ ನೋಡಬಹುದು. ವೆಚ್ಚ ಬಿಡಿಗಾಸೂ ಇಲ್ಲ.

ಕೊನೆಯದಾಗಿ, ಹೋಟೆಲಿನ ಯಜಮಾನರಿಗೂ ನಮ್ಮ ಸಂಘಸಂಸ್ಥೆಗಳವರಿಗೂ ಒಂದು ವಿನಂತಿ. ಊರಿನಿಂದ ನಿಮ್ಮನ್ನು ನಂಬಿ ಬಂದ ಹುಡುಗನು ಆಸ್ಪತ್ರೆಗೆ ಸೇರುವ ದಿನ, ಅವನೊಡನೆ ಕನ್ನಡ ಬಲ್ಲ ಒಬ್ಬನನ್ನು ಕಳುಹಿಸಿಕೊಡಿ. ವೈದ್ಯರ ಮಾತನ್ನು ಅವನಿಗೂ ಅವನ ಮಾತನ್ನು ವೈದ್ಯರಿಗೂ ಮುಟ್ಟಿಸುವವರಿರಲಿ. ಶಸ್ತ್ರಕ್ರಿಯೆ ಮುಗಿದ ಸಂಜೆ ಹಾಸಿಗೆಯ ಬಳಿ ಕುಳಿತು ನಾಲ್ಕು ಮಾತನಾಡುವವರಿರಲಿ. ಸುಶ್ರುತನು ವ್ರಣದ ವೇದನೆಗೆ ಹೇಳಿದುದು ಈ ಉಪಚಾರವನ್ನೇ. ಇನ್ನು ನೋವನ್ನು ಅಡಗಿಸಿಟ್ಟುಕೊಂಡು ದಿನ ನೂಕುತ್ತಿರುವ ವಾಚಕ ಮಿತ್ರರಿಗೆ ನಾವು ಹೇಳುವುದಿಷ್ಟೆ: ಊರಿಗೆ ಹೋಗುವವರೆಗೆ ಕಾಯಬೇಡಿರಿ. ಈ ವಾರದ ರಜೆಯ ದಿನವೇ ವೈದ್ಯರನ್ನು ಕಾಣಿರಿ.